ನಾಯಿಯನ್ನು ಮೊದಲ ಸಲ ಸಮುದ್ರಕ್ಕೆ ಕರ್ಕೊಂಡು ಹೋಗುವಾಗ ಎಂತೆಲ್ಲ ನೋಡ್ಕೊಳ್ಬೇಕು?

ಕೊಟ್ಟಾರದವ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಜಿಮ್ಮಿ ಅಂತ ಎರಡು ವರ್ಷದ ಊರ ನಾಯಿ ಉಂಟು, ಹೆಣ್ಣು, 16 ಕೆಜಿ. ಮಳೆ ಬಿಟ್ಟಿತಲ್ಲ, ಈ ಭಾನುವಾರ ತಣ್ಣೀರುಬಾವಿಗೋ ಸಸಿಹಿತ್ಲಿಗೋ ಕರ್ಕೊಂಡು ಹೋಗುವ ಅಂತ ಉಂಟು. ನೀರು ಕಂಡ್ರೆ ಸಾಕು, ಅದನ್ನು ಹಿಡಿಯುದೇ ಕಷ್ಟ. ಎಷ್ಟು ಗಂಟೆಗೆ ಹೋದ್ರೆ ಒಳ್ಳೇದು? ಉಪ್ಪುನೀರು ಕುಡಿದ್ರೆ ಎಂತ ಆಗ್ತದೆ? ರೇಬೀಸ್ ಇಂಜೆಕ್ಷನ್, ಇಲಿಜ್ವರದ್ದು ಸೇರಿದ ವರ್ಷದ ಇಂಜೆಕ್ಷನ್ ಎರಡೂ ಆಗಿದೆ.

ಮಲ್ಪೆ ಕಡಲಕರೆ
ಬೆಳಿಗ್ಗೆ ಆರರಿಂದ ಎಂಟರೊಳಗೆ ಮುಗಿಸಿ. ಸಂಜೆಯಾದ್ರೆ ಐದೂವರೆ ನಂತರ, ಆದ್ರೆ ಭಾನುವಾರ ಸಂಜೆ ಜನ ಜಾಸ್ತಿ. ಹಗಲು ಹೊತ್ತಿನಲ್ಲಿ ಒಣ ಮರಳು ಎಷ್ಟು ಕಾಯ್ತದೆ ಅಂತ ಚಪ್ಪಲಿ ಹಾಕಿದವರಿಗೆ ಗೊತ್ತಾಗುದಿಲ್ಲ. ಅಂಗೈಯ ಹಿಂಬದಿಯನ್ನು ಮರಳಿಗೆ ಒತ್ತಿ ಏಳು ಸೆಕೆಂಡ್ ಇಡಿ. ನಿಮಗೆ ತಡೆಯದಿದ್ರೆ ಅದರ ಪಾದಕ್ಕೂ ತಡೆಯುದಿಲ್ಲ. ಸಮುದ್ರ ಇಳಿದಿರುವ ಹೊತ್ತು ನೋಡಿ ಹೋದ್ರೆ ನೀರಿನ ಅಂಚಿನಲ್ಲಿ ಗಟ್ಟಿ ಒದ್ದೆ ಮರಳು ಅಗಲಕ್ಕೆ ಸಿಗ್ತದೆ, ನಡೆಸ್ಲಿಕ್ಕೆ ಅದೇ ಒಳ್ಳೇದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ, ಹಾಗಾಗಿ ಹಿಂದಿನ ವಾರದ ಲೆಕ್ಕ ಹಿಡ್ಕೊಂಡು ಹೋಗ್ಬೇಡಿ.

ಸಸಿಹಿತ್ಲು ಆದ್ರೆ ಅಳಿವೆಯ ಬದಿಗೆ ಬಿಡ್ಲೇಬೇಡಿ. ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುವ ಜಾಗ ಅದು. ಮೇಲಿಂದ ನೀರು ಶಾಂತ ಕಾಣ್ತದೆ, ಇಳಿತದ ಹೊತ್ತಿಗೆ ಅಡಿಯಲ್ಲಿ ಹೊರಗೆ ಎಳೆಯುವ ಸೆಳೆತ ಜೋರು. ಕೋಡಿಬೆಂಗ್ರೆಗೂ ಇದೇ ಮಾತು. ಪಡುಬಿದ್ರಿಯ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ) ಬೀಚಿನ ಯೋಚನೆ ಬೇಡ, ಬ್ಲೂ ಫ್ಲ್ಯಾಗ್ ಮಾನದಂಡದಲ್ಲೇ ಸಾಕುಪ್ರಾಣಿಗಳ ಮೇಲೆ ಕಟ್ಟುನಿಟ್ಟು ಉಂಟು. ನಿಮಗೆ ತಣ್ಣೀರುಬಾವಿಯೇ ಸರಿ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟುದಕ್ಕಿಂತ ಕೂಳೂರು ಮೇಲೆ ಕಾರಿನಲ್ಲಿ ಹೋಗಿ, ಹೊಸ ನಾಯಿ ದೋಣಿಯಲ್ಲಿ ಗಾಬರಿಯಾದ್ರೆ ಹಿಡಿಯುದು ಕಷ್ಟ.

ಕುತ್ತಿಗೆ ಬೆಲ್ಟಿಗೆ ಚೈನು ಸಿಕ್ಕಿಸಿ ನೀರಿಗೆ ಇಳಿಸ್ಬೇಡಿ. ಎದೆಗೆ ಹಾಕುವ ಹಾರ್ನೆಸ್, ಅದಕ್ಕೆ ಎಂಟು ಹತ್ತು ಮೀಟರ್ ನೈಲಾನ್ ಹಗ್ಗ. ಅಲೆ ಹಿಂದೆ ಎಳೆದ್ರೆ ಎದೆಯ ಮೇಲೆ ಭಾರ ಬೀಳ್ತದೆ, ಗಂಟಲು ಬಿಗಿಯುದಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಬಾರ್ದು, ಬೆರಳು ಹೋಗ್ತದೆ.

ಇನ್ನೊಂದು ಮುಖ್ಯ ಸಂಗತಿ. ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ) ಎಳೆದ ಜಾಗ ಕಂಡ್ರೆ ನೂರು ಹೆಜ್ಜೆ ದೂರದಿಂದಲೇ ಸುತ್ತಿ ಹೋಗಿ. ಬಲೆಯಿಂದ ಬೇಡದ್ದನ್ನು ಅಲ್ಲೇ ಮರಳಿಗೆ ಎಸೆದಿರ್ತಾರೆ. ತೇಡೆ ಮೀನಿನ (ಕಡಲಿನ ಕ್ಯಾಟ್‌ಫಿಶ್) ಬೆನ್ನಮುಳ್ಳು ಗರಗಸದ ಹಾಗೆ ಇರ್ತದೆ, ಪಾದಕ್ಕೆ ಹೊಕ್ಕರೆ ಎಳೆದು ತೆಗೀಲಿಕ್ಕೆ ಆಗುದಿಲ್ಲ. ಜತೆಗೆ ತುಂಡು ಗಾಳ, ನೈಲಾನ್ ದಾರ. ಒಣಮೀನು ಹರಡಿದ ಕಡೆಗೂ ಬಿಡ್ಬಾರ್ದು, ಅದರಲ್ಲಿ ಉಪ್ಪು ವಿಪರೀತ, ಮತ್ತೆ ಅದು ಅವರ ಹೊಟ್ಟೆಪಾಡು ಕೂಡ.

ಉಡುಪಿ ಪಶುವೈದ್ಯ
ಮೇಲಿನವರು ಹೇಳಿದ್ದಕ್ಕೆ ಸೇರಿಸ್ತೇನೆ. ಎಸೆದ ಮೀನಿನಲ್ಲಿ ಎಲ್ಲಕ್ಕಿಂತ ಅಪಾಯದ್ದು ಚೆಂಡಿನ ಹಾಗೆ ಊದಿಕೊಳ್ಳುವ ಪಫರ್ ಮೀನು. ಅದರ ಪಿತ್ತಜನಕಾಂಗ, ಮೊಟ್ಟೆ, ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಇರ್ತದೆ. ಒಣಗಿದ್ರೂ ಬೇಯಿಸಿದ್ರೂ ಅದು ಹೋಗುದಿಲ್ಲ. ತಿಂದ ಅರ್ಧ ಗಂಟೆಯಲ್ಲೇ ಜೊಲ್ಲು, ವಾಂತಿ, ಮತ್ತೆ ಹಿಂಗಾಲು ಸೋಲುದು ಶುರುವಾಗ್ಬಹುದು. ಕೊನೆಗೆ ಉಸಿರಾಡುವ ಸ್ನಾಯು ನಿಲ್ತದೆ. ಇದಕ್ಕೆ ಪ್ರತಿವಿಷ ಇಲ್ಲ, ವಿಷ ಇಳಿಯುವ ತನಕ ಕೃತಕ ಉಸಿರಾಟ ಕೊಟ್ಟು ಉಳಿಸುದೊಂದೇ ದಾರಿ. ಬಾಯಲ್ಲಿ ಕಂಡ್ರೆ ಲಕ್ಷಣ ಕಾಯದೆ ಆಸ್ಪತ್ರೆಗೆ ತನ್ನಿ. "ಬಿಡು" ಅಂದಾಗ ಬಾಯಲ್ಲಿದ್ದದ್ದನ್ನು ಬಿಡುವ ಅಭ್ಯಾಸ ಇಲ್ಲದ ನಾಯಿಯನ್ನು ಕಡಲಿಗೆ ತರುವ ಮೊದಲು ಮನೆಯಲ್ಲಿ ಅದನ್ನೇ ಕಲಿಸಿ.

ಉಪ್ಪುನೀರಿನ ವಿಷಯ: ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನಾಲ್ಕು ಗುಟುಕು ಹೋದ್ರೆ ಭೇದಿ ಅಷ್ಟೆ. ಹೆಚ್ಚು ಹೋದ್ರೆ ವಾಂತಿ, ತೂರಾಟ, ನಡುಕ, ಕೊನೆಗೆ ಫಿಟ್ಸ್. ಬಾಯಾರಿಕೆಯಿಂದ ಕುಡಿಯುದು ಒಂದು, ಅಲೆಯಲ್ಲಿ ಚೆಂಡು ಕಚ್ಚುವಾಗ ಗೊತ್ತಿಲ್ಲದೆ ನುಂಗುದು ಇನ್ನೊಂದು. ಎರಡನೆಯದೇ ಜಾಸ್ತಿ. ಒಂದೂವರೆ ಲೀಟರ್ ಸಿಹಿನೀರು, ಒಂದು ಬಟ್ಟಲು ಇಟ್ಕೊಳ್ಳಿ, ಹದಿನೈದು ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ ಕುಡಿಸಿ. ಉಪ್ಪು ಏರಿದೆ ಅಂತ ಅನುಮಾನ ಬಂದ್ರೆ ಒಮ್ಮೆಲೇ ತುಂಬಾ ನೀರು ಕುಡಿಸ್ಬೇಡಿ, ಮಿದುಳು ಊದಿಕೊಳ್ಳುವ ಅಪಾಯ ಉಂಟು. ಸ್ವಲ್ಪ ಸ್ವಲ್ಪ ಕೊಡ್ತಾ ಆಸ್ಪತ್ರೆಗೆ ಹೊರಡಿ. ಬರೀ ಭೇದಿಯಾದ್ರೆ ಆ ಹೊತ್ತಿನ ಊಟ ಬಿಟ್ಟು, ಆಮೇಲೆ ಉಪ್ಪು ಹಾಕದ ಗಂಜಿಗೆ ಬೇಯಿಸಿದ ಕೋಳಿ ಸ್ವಲ್ಪ ಹಿಸುಕಿ ಕೊಡಿ.

ಒದ್ದೆ ಟೆನಿಸ್ ಚೆಂಡು ಬೇಡ. ಅದರ ರೋಮಕ್ಕೆ ಮರಳು ಹಿಡಿದು ಪ್ರತಿ ಸಲ ಹೊಟ್ಟೆಗೆ ಹೋಗ್ತದೆ, ಕರುಳಿನಲ್ಲಿ ಕಟ್ಟಿಕೊಂಡ್ರೆ ಆಪರೇಷನ್ ತನಕ ಹೋಗ್ಬಹುದು. ತೇಲುವ ರಬ್ಬರ್ ರಿಂಗ್ ಸಾಕು.

ನಮ್ಮ ಕರಾವಳಿಯ ಸೆಕೆಯನ್ನು ಲಘುವಾಗಿ ತಗೊಳ್ಬೇಡಿ. ಗಾಳಿಯಲ್ಲೇ ತೇವ ತುಂಬಿರುವಾಗ ಏದುಸಿರಿನಿಂದ ಮೈ ತಣಿಯುದಿಲ್ಲ. ನಾಲಿಗೆ ಕಡುಗೆಂಪಾಗಿ ಅಗಲಕ್ಕೆ ಜೋತರೆ ನೆರಳಿಗೆ ತಂದು ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ. ಒದ್ದೆ ಬಟ್ಟೆ ಹೊದೆಸಿ ಬಿಡ್ಬಾರ್ದು, ಸೆಕೆ ಒಳಗೇ ಉಳೀತದೆ.

ಕೊಟ್ಟಾರದವ
ತುಂಬಾ ಉಪಕಾರ ಡಾಕ್ಟ್ರೇ. ಗಾಳಿಮರದ ಅಡಿಯಲ್ಲಿ ಉಣುಗು ಇರ್ತದಲ್ಲ, ಅದಕ್ಕೆ ಕುತ್ತಿಗೆಗೆ ಬಿಡುವ ಮದ್ದು ಶುಕ್ರವಾರ ಹಾಕಿದೆ. ನೀರಿಗೆ ಬಿಟ್ರೆ ತೊಳೆದು ಹೋಗ್ತದಾ?

ಉಡುಪಿ ಪಶುವೈದ್ಯ
ಆ ಮದ್ದು ಫಿಪ್ರೊನಿಲ್ ಆದ್ರೆ ಹಾಕುವ ಮೊದಲು ಎರಡು ದಿನ, ಹಾಕಿದ ಮೇಲೆ ಎರಡು ದಿನ ಸ್ನಾನ ಬೇಡ. ಅದು ಚರ್ಮದ ಎಣ್ಣೆಯಲ್ಲಿ ಹರಡಿಕೊಳ್ಬೇಕು. ಶುಕ್ರವಾರ ರಾತ್ರಿ ಹಾಕಿದ್ರೆ ಭಾನುವಾರ ಬೆಳಿಗ್ಗೆಗೆ 48 ಗಂಟೆ ತುಂಬುದಿಲ್ಲ, ಮುಂದಿನ ವಾರಕ್ಕೆ ಹಾಕಿ. ಆಗಾಗ ಈಜುವ ನಾಯಿಗೆ ತೂಕ ನೋಡಿ ಕೊಡುವ ಮಾತ್ರೆಯೇ ಒಳ್ಳೇದು. ಮೊದಲೇ ಫಿಟ್ಸ್ ಬಂದ ನಾಯಿಯಾದ್ರೆ ಅದನ್ನು ವೈದ್ಯರಿಗೆ ಹೇಳಿಯೇ ತಗೊಳ್ಳಿ.

ಬೈಕಂಪಾಡಿ
ತೊಳೆಯುದನ್ನು ಮನೆ ತನಕ ಉಳಿಸ್ಬೇಡಿ ಮಾರಾಯ್ರೆ. ಕಾರಿನಲ್ಲಿ ಹತ್ತು ಲೀಟರಿನ ಕ್ಯಾನ್ ಇಟ್ಕೊಂಡ್ರೆ ಅಲ್ಲೇ ಹೊಟ್ಟೆ, ತೊಡೆಸಂದು, ಬೆರಳುಸಂದು ತೊಳೀಬಹುದು. ಇಲ್ಲದಿದ್ರೆ ದಾರಿಯುದ್ದಕ್ಕೂ ಮೈ ನೆಕ್ಕಿ ಉಪ್ಪು ಹೊಟ್ಟೆಗೆ ಹೋಗ್ತದೆ. ಹಾರ್ನೆಸ್ ಮೊದಲು ಬಿಚ್ಚಿ, ಅದರ ಪಟ್ಟಿಯ ಅಡಿಯ ಮರಳೇ ಕಂಕುಳು ಉಜ್ಜಿ ಹಾಕುದು. ಮನೆಗೆ ಬಂದ ಮೇಲೆ ಕಿವಿಯ ಹೊರಭಾಗ ಹತ್ತಿಯಲ್ಲಿ ಒರೆಸಿ, ಬಡ್ಸ್ ಒಳಗೆ ಹಾಕ್ಬೇಡಿ. ಬೆರಳುಸಂದಿಯನ್ನು ಟವೆಲಿನ ಮೂಲೆಯಿಂದ ಒಂದೊಂದಾಗಿ ಒಣಗಿಸಿ, ನಮ್ಮ ಹವೆಗೆ ಒದ್ದೆ ಉಳಿದ್ರೆ ಎರಡೇ ದಿನದಲ್ಲಿ ಕೆಂಪಾಗಿ ವಾಸನೆ ಬರ್ತದೆ. ಬೆಳಗಿನ ಊಟ ಬಂದು ಒಂದು ಗಂಟೆಯ ನಂತರ ಕೊಡಿ, ಹೊಟ್ಟೆ ತುಂಬಿಸಿ ಓಡಿಸುದು ಬೇಡ. ಕ್ಯಾನ್ ಜತೆಗೆ ಎರಡು ಹಳೇ ಟವೆಲ್, ಮತ್ತೆ ಅದು ಕಕ್ಕ ಮಾಡಿದ್ರೆ ಎತ್ತಲಿಕ್ಕೆ ನಾಲ್ಕು ಕವರ್ ಮರೀಬೇಡಿ.