ಕಲ್ಲುಗುಡ್ಡದಲ್ಲಿ ಸಸಿ ನೆಡಬೇಕು, ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮದು ಮುಂಡರಗಿ ತಾಲ್ಲೂಕು, ಕಪ್ಪತಗುಡ್ಡದ ಕಡೆ. ಊರ ಹಿಂದಿನ ಗುಡ್ಡದಲ್ಲಿ ಕಲ್ಲು, ಮುಳ್ಳುಪೊದೆ ಬಿಟ್ಟರೆ ಏನಿಲ್ಲ. ಈ ಮಳೆಗಾಲಕ್ಕೆ ಬೇವು, ಹೊಂಗೆ, ಆಲ ಹಾಕೋಣ ಅಂತ ಗೆಳೆಯರೆಲ್ಲ ಸೇರಿದ್ದೇವೆ. ಪೊದೆ ಕಡಿದು ಗುಂಡಿ ತೋಡಬೇಕಾ? ಯಾವ ಸಸಿ ಬದುಕುತ್ತದೆ?

ಗದಗದಿಂದ: ದಯವಿಟ್ಟು ಪೊದೆ ಕಡಿಯಬೇಡಿ. ಮೊದಲು ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಅಲ್ಲಿರುವ ಗಿಡಗಳ ಹೆಸರು ಬರೆದುಕೊಳ್ಳಿ. ಬಂದರಿಕೆ, ಕವಳಿ, ತಂಗಡಿ, ಬಾರಿ, ಕಾರೆ, ಕಳ್ಳಿ, ಕಲ್ಲಿನ ಸಂದಿಯಲ್ಲಿ ಮಂಗರವಳ್ಳಿ. ಇವೆಲ್ಲ ಇದ್ದರೆ ಅದು ಖಾಲಿ ಗುಡ್ಡ ಅಲ್ಲ, ಕುರುಚಲು ಕಾಡು. ಅಲ್ಲಿ ಮಣ್ಣೇ ಕಮ್ಮಿ. ಬಂಡೆ ಮೇಲೆ ಬಿದ್ದ ಮಳೆನೀರು ಬಿರುಕಿಗೆ ಇಳಿಯುತ್ತದೆ, ಪೊದೆಗಳ ಬೇರು ಅದನ್ನೇ ಹುಡುಕಿಕೊಂಡು ಹೋಗಿರುತ್ತದೆ. ಇಳಿಜಾರಿನಲ್ಲಿ ಪೊದೆ ತೆಗೆದು ನೆಲ ಸಡಿಲ ಮಾಡಿದರೆ ಇದ್ದ ಮಣ್ಣೂ ಜೋರು ಮಳೆಗೆ ಕೊಚ್ಚಿಹೋಗುತ್ತದೆ.

ಇನ್ನೊಂದು, ಕವಳಿ ಪೊದೆಯೊಳಗೆ ಬಗ್ಗಿ ನೋಡಿ. ಹಕ್ಕಿಗಳು ಬೇವಿನ ಹಣ್ಣು ತಿಂದು ಅಲ್ಲಿ ಬಂದು ಕೂರುತ್ತವೆ. ಅವು ಉದುರಿಸಿದ ಬೀಜದಿಂದ ಸಸಿ ತಾನೇ ಏಳುತ್ತದೆ. ಸುತ್ತ ಮುಳ್ಳಿರುವುದರಿಂದ ಆಡಿನ ಬಾಯಿ ಅಲ್ಲಿಗೆ ಹೋಗುವುದಿಲ್ಲ, ಬೇಸಿಗೆಯಲ್ಲಿ ನೆರಳೂ ಸಿಗುತ್ತದೆ. ನೀವು ಹಾಕಬೇಕೆಂದಿರುವ ಬೇವನ್ನು ಆ ಪೊದೆಯೇ ಸಾಕುತ್ತಿದೆ ಅಲ್ವಾ?

ಕೊಪ್ಪಳದಿಂದ: ನಮ್ಮದು ಕುರಿ ಸಾಕುವ ಮನೆ. ಗುಡ್ಡದಲ್ಲಿ ಎಲ್ಲಿ ನೋಡಿದರೂ ಬಂದರಿಕೆಯೇ ಇದ್ದರೆ ಮೇಯಿಸುವುದು ಜಾಸ್ತಿಯಾಗಿದೆ ಅಂತ ತಿಳಿಯಿರಿ. ಅದರ ಎಲೆ ಅಂಟಂಟು, ಆಡು ಕುರಿ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ತಿನ್ನುತ್ತವೆ. ಒಂದು ಇಳಿಜಾರನ್ನು ಕೆಲವು ವರ್ಷ ಬಿಟ್ಟುಕೊಡಿ ಅಂತ ಕುರಿಗಾರರನ್ನು ಕೇಳಿ. ಬದಲಿಗೆ ಬೇರೆ ಕಡೆ ಮೇವಿಗೆ ದಾರಿ ಇರಬೇಕು. ಅವರನ್ನು ಕೇಳದೆ ಬೇಲಿ ಹಾಕಿದರೆ ಅದು ನಿಲ್ಲುವುದಿಲ್ಲ.

ಚಿತ್ರದುರ್ಗದಿಂದ: ಜೋಗಿಮಟ್ಟಿ ಕಡೆ ಓಡಾಡುವವನು ನಾನು. ಸಸಿಗೆ ಇಟ್ಟ ದುಡ್ಡಲ್ಲಿ ಅರ್ಧ ಬೆಂಕಿ ತಡೆಯಲು ಇಡಿ. ಜನವರಿ ಕಳೆದರೆ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿ ಸಾಕು. ಕವಳಿಯಂಥ ಪೊದೆ ಸುಟ್ಟರೂ ಬುಡದಿಂದ ಚಿಗುರುತ್ತದೆ. ಎಳೆ ಸಸಿ ಉಳಿಯುವುದಿಲ್ಲ.

ಕೇಳಿದವರು: ಹಾಗಾದರೆ ಏನೂ ನೆಡಲೇಬಾರದಾ? ಹುಡುಗರು ತುಂಬ ಹುರುಪಿನಲ್ಲಿದ್ದಾರೆ.

ಗದಗದಿಂದ: ನೆಡಿ, ಜಾಗ ಬದಲಿಸಿ. ಹೊಂಗೆಗೆ ಗುಡ್ಡದ ಬುಡದ ಹಳ್ಳದ ದಂಡೆ ಒಳ್ಳೆಯದು. ಆಲ ಊರ ಕೆರೆ ಹತ್ತಿರ ಇರಲಿ. ಗುಡ್ಡದ ಮೇಲೆ ಏನಾದರೂ ಮಾಡಲೇಬೇಕೆಂದರೆ ಅಲ್ಲಿಯದೇ ಕವಳಿ, ಬಾರಿ ಬೀಜ ಆರಿಸಿ, ಮೊದಲ ಮಳೆಯ ಹೊತ್ತಿಗೆ ಕಲ್ಲಿನ ಸಂದಿಯಲ್ಲಿ ಹಾಕಿ. ಅದಕ್ಕೂ ಮುಂಚೆ ಜಾಗ ಯಾರದು ಅಂತ ನೋಡಿ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮ ಆಗಿದೆ, ಸುಮಾರು 244 ಚದರ ಕಿಲೋಮೀಟರ್. ನಿಮ್ಮ ಗುಡ್ಡ ಅದರೊಳಗೆ ಬಂದರೆ ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದೆ ಬೀಜವನ್ನೂ ಹಾಕುವಂತಿಲ್ಲ. ಸರ್ವೆ ನಂಬರ್ ಹಿಡಿದುಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಗೆ ಈ ವಾರವೇ ಹೋಗಿ ಬನ್ನಿ.