ಮನುಷ್ಯ-ಪ್ರಾಣಿ ಸಂಬಂಧದ ಬಗ್ಗೆ ಓದಬೇಕು, ದಾರಿ ಗೊತ್ತಿದ್ದವರು ಹೇಳಿ

ಪ್ರಶ್ನೆ: ನಾನು ಹೊಸನಗರ ಕಡೆಯವಳು. ಶಿವಮೊಗ್ಗದಲ್ಲಿ ಬಿಎ ಕೊನೆಯ ವರ್ಷ, ಸಮಾಜಶಾಸ್ತ್ರ. ಜನರಿಗೂ ಪ್ರಾಣಿಗಳಿಗೂ ಇರುವ ಸಂಬಂಧವನ್ನೇ ವಿಷಯ ಮಾಡಿಕೊಂಡು ಮುಂದೆ ಓದುವ ಆಸೆ. ಪಿಯುಸಿಯಲ್ಲಿ ವಿಜ್ಞಾನ ಇರಲಿಲ್ಲ. ಇಂಥ ಕೋರ್ಸ್ ಇದೆಯಾ? ಮನೆಯಲ್ಲಿ "ದನ ಕರು ಬಗ್ಗೆ ತಿಳಿಯೋಕೆ ಯೂನಿವರ್ಸಿಟಿ ಯಾಕೆ, ಕೊಟ್ಟಿಗೆ ಇದೆಯಲ್ಲ" ಅಂತಾರೆ.

ಸಾಗರದಿಂದ: ಖಂಡಿತ ಓದಬಹುದು. ವಿಜ್ಞಾನ ಇಲ್ಲ ಅನ್ನುವ ಚಿಂತೆ ಬಿಡಿ. ಹೊರದೇಶಗಳಲ್ಲಿ ಇದಕ್ಕೆ ಆಂಥ್ರೋಜುವಾಲಜಿ ಅಂತಾರೆ. ನಮ್ಮ ಸುತ್ತಮುತ್ತ ಆ ಹೆಸರಿನ ಎಂಎ ನಾನು ಕಂಡಿಲ್ಲ. ಅದಕ್ಕೇ ಹೇಳುತ್ತೇನೆ, ಕೋರ್ಸ್ ಹುಡುಕುವ ಮೊದಲು ನಿಮ್ಮ ಪ್ರಶ್ನೆ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಪ್ರಶ್ನೆ ಇದ್ದರೆ ಸಮಾಜಶಾಸ್ತ್ರದ ಒಳಗೇ ದಾರಿ ಸಿಗುತ್ತದೆ.

ನಾನು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎ ಮಾಡುವಾಗ ಪ್ರಾಜೆಕ್ಟ್‌ಗೆ ಮಂಗನ ಕಾಯಿಲೆ ಆರಿಸಿಕೊಂಡೆ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈರಸ್ಸಿನ ವಿಚಾರ ಡಾಕ್ಟರುಗಳದ್ದು. ನಾನು ಕೇಳುತ್ತಾ ಹೋಗಿದ್ದು ಬೇರೆ: ಕಾಡಿಗೆ ಯಾರು ಹೋಗುತ್ತಾರೆ, ಯಾಕೆ ಹೋಗುತ್ತಾರೆ? ದನ ಮೇಯಲು ಹೋಗುತ್ತವೆ, ಈ ಕಾಯಿಲೆಯನ್ನು ಕಚ್ಚಿ ಹರಡುವ ಉಣುಗು ಅವುಗಳ ರಕ್ತ ಕುಡಿದು ಹೆಚ್ಚುತ್ತದೆ. ಕೊಟ್ಟಿಗೆಗೆ ಹಾಸಲು ದರಗು, ಅಂದರೆ ಒಣ ಎಲೆ ಬೇಕು, ಅದನ್ನು ಗುಡಿಸಿ ತರಲು ಹೆಂಗಸರು ಹೋಗುತ್ತಾರೆ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗು ಅಲ್ಲೇ ನೆಲಕ್ಕಿಳಿಯುತ್ತದೆ. ಕಾಡಿಗೆ ಹೋಗಬೇಡಿ ಅಂತ ಸುಮ್ನೆ ಹೇಳಿಬಿಟ್ಟರೆ ದನ ಏನು ತಿನ್ನಬೇಕು, ತೋಟಕ್ಕೆ ಗೊಬ್ಬರ ಎಲ್ಲಿಂದ ಬರಬೇಕು? ಒಂದು ಕಾಯಿಲೆಯ ಹಿಂದೆ ಹೋದರೆ ಇಡೀ ಊರಿನ ಬದುಕು ಬಿಚ್ಚಿಕೊಳ್ಳುತ್ತದೆ.

ಒಬ್ಬ ಅಜ್ಜಿ ಹೇಳಿದ್ದು ಇನ್ನೂ ನೆನಪಿದೆ. ಬಾಳೆಗೊನೆಗೆ ಕೈ ಹಾಕುವ ಮಂಗವನ್ನು ದಿನಾ ಡಬ್ಬ ಬಡಿದು ಓಡಿಸುತ್ತಿದ್ದವರು ಅವರು. ಅದೇ ಮಂಗ ಸತ್ತು ಬಿದ್ದಿದ್ದರೆ ಅರಿಶಿನ ಕುಂಕುಮ ಹಚ್ಚಿ, ಬಿಳಿ ಬಟ್ಟೆ ಹೊದಿಸಿ, ತೆಂಗಿನಕಾಯಿ ಒಡೆದು ಮಣ್ಣು ಮಾಡುತ್ತಿದ್ದರಂತೆ. ಈಗ ಸತ್ತ ಮಂಗವನ್ನು ಮುಟ್ಟುವಂತಿಲ್ಲ, ಆರೋಗ್ಯ ಇಲಾಖೆಗೆ ತಿಳಿಸಬೇಕು. ಅದು ಸರಿಯೇ. ಆದರೆ "ಅನಾಥ ಹೆಣದ ಹಾಗೆ ಬಿಟ್ಟು ಬರಬೇಕಲ್ಲ" ಅನ್ನುವ ಅವರ ಸಂಕಟವನ್ನೂ ಯಾರಾದರೂ ಬರೆದಿಡಬೇಕು ಅಲ್ವಾ? ನೀವು ಓದಬೇಕು ಅಂದುಕೊಂಡಿರುವುದು ಇದನ್ನೇ.

ತೀರ್ಥಹಳ್ಳಿಯಿಂದ: ನಾನು ಪಶುವೈದ್ಯೆ. ಪಿಯುಸಿಯಲ್ಲಿ ವಿಜ್ಞಾನ ಇಲ್ಲದೆ ನಮ್ಮ ಕೋರ್ಸಿಗೆ ಬರಲಾಗದು, ಅದು ನಿಮಗೆ ಬೇಡವೂ ಬೇಡ. ನಮಗೆ ಪ್ರಾಣಿಯ ದೇಹ ಚೆನ್ನಾಗಿ ಕಲಿಸುತ್ತಾರೆ, ಸಾಕುವವರ ಮನಸ್ಸಿನ ಬಗ್ಗೆ ಕಲಿಸುವುದು ಕಡಿಮೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಒಬ್ಬರು ಮಲೆನಾಡು ಗಿಡ್ಡ ಹಸುವಿನ ಒಂದೊಂದೇ ಗಂಟಿಗೆ ಬೇವು ಅರಿಶಿನ ಅರೆದು ಹಚ್ಚುತ್ತಾ ಕೂತಿದ್ದರು. ಕರೆದರೆ ಒಂದು ಲೋಟ ಹಾಲು ಕೊಡುವ ಮುದಿ ಹಸು. "ಹಾಲಿನ ಲೆಕ್ಕ ನೋಡಿದ್ರೆ ಇದನ್ನ ಯಾವತ್ತೋ ಮಾರಬೇಕಿತ್ತು" ಅಂದರು. ನಮ್ಮ ಕೇಸ್ ಶೀಟಿನಲ್ಲಿ ಈ ಮಾತು ಬರೆಯಲು ಜಾಗವೇ ಇಲ್ಲ. ಕೊಟ್ಟಿಗೆ ಇದೆಯಲ್ಲ ಅನ್ನುವ ಮನೆಯವರಿಗೆ ಇದನ್ನು ಹೇಳಿ ನೋಡಿ.

ಬೆಂಗಳೂರಿನಿಂದ, ಊರು ಕೊಪ್ಪ: ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಆಂಥ್ರೋಜುವಾಲಜಿ ಎಂಎ ಇದೆ, ದೂರಶಿಕ್ಷಣದಲ್ಲೂ ಓದಬಹುದು. ಅದು ಮಾನವಶಾಸ್ತ್ರದ ಕಡೆಯ ಓದು. ಶುಲ್ಕ ನಮ್ಮಂಥವರಿಗೆ ಜಾಸ್ತಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ದೂರಶಿಕ್ಷಣಕ್ಕೆ ಸಿಗುವುದಿಲ್ಲ, ಅಲ್ಲಿಗೇ ಹೋಗಿ ಓದುವುದಾದರೂ ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ನನ್ನ ಪ್ರಕಾರ ಮೊದಲು ಇಲ್ಲೇ ಎಂಎ ಮುಗಿಸಿ, ಆಮೇಲೆ ಪಿಎಚ್‌ಡಿಗೆ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಏಟ್ರೀ (ATREE), ನಿಯಾಸ್ (NIAS) ಕಡೆ ನೋಡಿ. ತೋಟಕ್ಕೆ ನುಗ್ಗುವ ಕೆಂಪು ಮೂತಿಯ ಮಂಗಗಳ ಬಗ್ಗೆ ನಿಯಾಸ್‌ನಲ್ಲಿ ಅನಿಂದ್ಯ ಸಿನ್ಹಾ ತುಂಬಾ ಕಾಲ ಕೆಲಸ ಮಾಡಿದ್ದಾರೆ. ನಡುವೆ ಕೆಲಸ ಬೇಕಾದರೆ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನಂಥ ಸಂಸ್ಥೆಗಳನ್ನು ಗಮನಿಸುತ್ತಿರಿ. ಜನರ ಜೊತೆ ಕೂತು ಅವರ ಭಾಷೆಯಲ್ಲೇ ಮಾತಾಡಬಲ್ಲವರು ಇಂಥ ಕಡೆ ಬೇಕೇ ಬೇಕು.

ಶಿವಮೊಗ್ಗದಿಂದ: ರಜೆಯಲ್ಲಿ ಬೆಳಗ್ಗೆ ಹೊತ್ತಿಗೇ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ. ತುಂಗಾ ಹಿನ್ನೀರಿನಲ್ಲಿ ಆನೆ ಮಲಗಿಸಿ ಮೈ ತಿಕ್ಕುವುದನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ. ನೀವು ಮಾವುತರ ಕಣ್ಣು ನೋಡಿ. ಗಂಡಾನೆಯ ಹತ್ತಿರ ಹೋಗುವ ಮೊದಲು ಅವರ ದೃಷ್ಟಿ ಅದರ ಕಣ್ಣಿಗೂ ಕಿವಿಗೂ ನಡುವಿನ ಜಾಗಕ್ಕೆ ಹೋಗುತ್ತದೆ. ಮದ ಒಸರುವುದು ಅಲ್ಲೇ. ಕಂಡದ್ದನ್ನು ಅವತ್ತೇ ಕನ್ನಡದಲ್ಲಿ ಬರೆದಿಡಿ.

ಸಾಗರದಿಂದ, ಮತ್ತೆ: ಒಂದು ಮಾತು ಬಿಟ್ಟಿದ್ದೆ. ಅಭಯಾರಣ್ಯದ ಒಳಗೆ ಅಧ್ಯಯನ ಮಾಡಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಬೇಗ ಅರ್ಜಿ ಹಾಕಿ. ತೋಟ, ಕೊಟ್ಟಿಗೆಗಾದರೆ ಆ ಮನೆಯವರನ್ನು ಕೇಳಿದರೆ ಸಾಕು. ಡಿಸೆಂಬರಿನಿಂದ ಮೇವರೆಗೆ ಕಾಡಂಚಿಗೆ ಹೋಗುವುದಿದ್ದರೆ ಆಶಾ ಕಾರ್ಯಕರ್ತೆಯರ ಹತ್ತಿರ ಉಣುಗು ಹತ್ತಿರ ಬಾರದಂತೆ ಮಾಡುವ ಡೆಪಾ ಎಣ್ಣೆ ಕೇಳಿ ಹಚ್ಚಿಕೊಂಡೇ ಹೋಗಿ.