ರೆನ್, ಲಿ, ತಾವೋ: ಚೀನಾದ ಪ್ರಾಚೀನ ಚಿಂತನೆಯ ಪರಿಕಲ್ಪನೆಗಳ ಬಗ್ಗೆ ಕೆಲವು ಸಂಶಯಗಳು

ಪ್ರಶ್ನೆ: ಬದಿಯಡ್ಕದ ಓದುಗ

ನಮ್ಮ ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಕೂಟದಲ್ಲಿ ಈ ಬಾರಿ ಚೀನಾದ ಪ್ರಾಚೀನ ಚಿಂತನೆಯ ಕುರಿತು ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಕೇಳಲು ಬರುವವರಲ್ಲಿ ನಿವೃತ್ತ ಅಧ್ಯಾಪಕರು, ಅಡಿಕೆ ಕೃಷಿಕರು, ಕಾಲೇಜಿನ ಮಕ್ಕಳು ಎಲ್ಲರೂ ಇರುತ್ತಾರೆ. ಕೆಲವರಿಗೆ ಕನ್ನಡಕ್ಕಿಂತ ಮಲಯಾಳದ ಓದೇ ಸಲೀಸು. ಎಲ್ಲರಿಗೂ ಹಿಡಿತ ಸಿಗಲೆಂದು, ಒಂದೊಂದು ಪರಿಕಲ್ಪನೆಯ ಎದುರು ನಮಗೆ ಬಳಕೆಯಿರುವ ಒಂದೊಂದು ಪದವನ್ನಿಟ್ಟು ಪಟ್ಟಿ ಮಾಡಿಕೊಂಡಿದ್ದೇನೆ: ತಾವೋ ಎಂದರೆ ಧರ್ಮ, ರೆನ್ ಎಂದರೆ ಕರುಣೆ, ಲಿ ಎಂದರೆ ಶಿಷ್ಟಾಚಾರ, ಥಿಯೆನ್ ಎಂದರೆ ಸ್ವರ್ಗ, ವೂವೇ ಎಂದರೆ ನಿಷ್ಕ್ರಿಯತೆ, ಚಿ ಎಂದರೆ ಪ್ರಾಣ.

ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಮೂಲದ ಮಾತುಗಳನ್ನು ಓದಲು ಹೊರಟರೆ ಮಾತ್ರ ದಾರಿ ತಪ್ಪುತ್ತದೆ. ತನ್ನನ್ನು ಹತೋಟಿಯಲ್ಲಿಟ್ಟುಕೊಂಡು ಲಿಗೆ ಮರಳುವುದೇ ರೆನ್ ಎಂದು ಕನ್ಫ್ಯೂಷಿಯಸ್ ಒಬ್ಬ ಶಿಷ್ಯನಿಗೆ ಹೇಳುತ್ತಾನೆ. ಕರುಣೆ ಎಂಬುದು ಶಿಷ್ಟಾಚಾರಕ್ಕೆ ಮರಳುವುದರಲ್ಲಿದೆ ಎಂದರೆ ಏನು ತಿಳಿಯಬೇಕು? ಇನ್ನೊಂದೆಡೆ ಲಾವೋತ್ಸೆಯ ಹೆಸರಿನಲ್ಲಿರುವ ‘ತಾವೋ ತೆ ಚಿಂಗ್’ನ 38ನೆಯ ಅಧ್ಯಾಯವು, ತಾವೋ ಹೋದ ಮೇಲೆ ತೆ (ಒಳಗಿನ ಸಹಜ ಸದ್ಗುಣ), ತೆ ಹೋದ ಮೇಲೆ ರೆನ್, ರೆನ್ ಹೋದ ಮೇಲೆ ಯಿ (ನ್ಯಾಯನಿಷ್ಠೆ), ಯಿ ಹೋದ ಮೇಲೆ ಲಿ ಬರುತ್ತದೆಂದೂ, ಲಿ ಎಂಬುದು ಗೊಂದಲದ ಮೊದಲೆಂದೂ ಸಾರುತ್ತದೆ. ಇಬ್ಬರೂ ತಾವೋ ಎನ್ನುವಾಗ ಒಂದೇ ವಸ್ತುವಿನ ಬಗ್ಗೆ ಮಾತನಾಡುತ್ತಿದ್ದಾರೆಯೇ? ವೂವೇಯೆಂದು ಏನನ್ನೂ ಮಾಡದ ಅರಸನು ರಾಜ್ಯವಾಳುವುದಾದರೂ ಹೇಗೆ? ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1: ಕುಂಬಳೆಯ ಟೀಚರ್

ರೆನ್ ಮತ್ತು ಲಿ ಇವೆರಡನ್ನೂ ಜೊತೆಯಾಗಿ ನೋಡದೆ ಗತಿಯಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕನ್ಫ್ಯೂಷಿಯಸ್ (ಕ್ರಿ.ಪೂ. 551–479) ರೆನ್‌ಗೆ ಎಲ್ಲಿಯೂ ಒಂದೇ ಲಕ್ಷಣವನ್ನು ಕೊಡಲಿಲ್ಲ. ಶಿಷ್ಯರು ಅವನ ಮಾತುಗಳನ್ನು ಕೂಡಿಸಿದ ‘ಲುನ್ ಯೂ’ವಿನ 12ನೆಯ ಭಾಗದಲ್ಲಿ ಇದೇ ಪ್ರಶ್ನೆಯನ್ನು ಬೇರೆ ಬೇರೆಯವರು ಕೇಳಿ ಬೇರೆ ಬೇರೆ ಉತ್ತರಗಳನ್ನು ಪಡೆಯುತ್ತಾರೆ. ಫಾನ್ ಛ್‌ಗೆ ಸಿಕ್ಕಿದ ಉತ್ತರ, ಜನರನ್ನು ಪ್ರೀತಿಸುವುದು. ಸ್ಸುಮಾ ನಿಯುವಿಗೆ, ಮಾತಿನಲ್ಲಿ ಆತುರಪಡದಿರುವುದು. ಅಚ್ಚುಮೆಚ್ಚಿನ ಯೆನ್ ಹುಯಿಗೆ, ನೀವು ಉಲ್ಲೇಖಿಸಿದ ಆ ಮಾತು. ಕೇಳಿದವನಲ್ಲಿ ಯಾವುದು ಕೊರತೆಯೋ ಅದನ್ನು ಕಂಡೇ ಗುರು ಉತ್ತರಿಸಿದ್ದಾನೆ ಎಂಬುದು ಹಿಂದಿನಿಂದ ಬಂದ ವ್ಯಾಖ್ಯಾನ, ಅದು ನನಗೂ ಒಪ್ಪಿಗೆ. ಹಾಗಾಗಿ ರೆನ್ ಎಂಬುದು ಮನಸ್ಸಿನಲ್ಲಿ ಹುಟ್ಟುವ ಒಂದು ಭಾವವಷ್ಟೇ ಅಲ್ಲ. ತಂದೆ-ತಾಯಿ, ಒಡಹುಟ್ಟಿದವರು, ಗೆಳೆಯರು, ಅರಸ ಎಂಬ ಸಂಬಂಧಗಳ ನಡುವೆ ಒಬ್ಬ ಮನುಷ್ಯ ಪೂರ್ತಿಯಾಗಿ ಮನುಷ್ಯನಾಗಿ ಬೆಳೆದಿರುವ ಸ್ಥಿತಿ ಅದು.

ಕರುಣೆ ಎಂಬ ಪದ ಇಲ್ಲಿ ಕೈಕೊಡುವುದಕ್ಕೆ ಇನ್ನೊಂದು ಕಾರಣವಿದೆ. ಬೌದ್ಧರ ಕರುಣೆ ಸಕಲ ಜೀವಿಗಳ ಮೇಲೂ ಸಮನಾಗಿ ಹರಿಯಬೇಕಾದದ್ದು. ರೆನ್‌ಗಾದರೋ ಹತ್ತಿರ-ದೂರಗಳ ತರತಮವಿದೆ. ಹೆತ್ತವರಲ್ಲಿ ವಾತ್ಸಲ್ಯ, ಜನರಲ್ಲಿ ರೆನ್, ಪ್ರಾಣಿ-ವಸ್ತುಗಳಲ್ಲಿ ಹಾಳುಮಾಡದಂಥ ಜೋಪಾನ ಎಂದು ಕನ್ಫ್ಯೂಷಿಯಸ್ ಪಂಥದ ಮುಂದಿನ ಚಿಂತಕ ಮೆನ್ಷಿಯಸ್ ಮೂರು ಮಟ್ಟಗಳನ್ನೇ ಹೇಳುತ್ತಾನೆ. ಎಲ್ಲರನ್ನೂ ಭೇದವಿಲ್ಲದೆ ಒಂದೇ ಸಮ ಕಾಣಬೇಕೆಂದ ಮೋತ್ಸುವಿನೊಡನೆ ಅವನಿಗಿದ್ದ ದೊಡ್ಡ ಜಗಳವೇ ಇದು.

ಇನ್ನು ಲಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಿಸಿಲಿನಲ್ಲಿ ಗುಡ್ಡ ಹತ್ತಿ ಬಂದವರು ಜಗಲಿಯಲ್ಲಿ ಕುಳಿತ ಕೂಡಲೇ ಒಂದು ಚೆಂಬು ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಎದುರಿಗೆ ಬರುತ್ತದೆ. ಬಂದ ಕೆಲಸವೇನೆಂಬ ವಿಚಾರಣೆ ಅದರ ಅನಂತರ. ತಪ್ಪಿದರೆ ದಂಡ ಹಾಕುವವರು ಯಾರೂ ಇಲ್ಲ, ಆದರೆ ತಪ್ಪಿತೆಂಬುದು ಮನೆಯ ಮಗುವಿಗೂ ತಿಳಿಯುತ್ತದೆ. ಆ ಚೆಂಬನ್ನು ಚೆಲ್ಲದೆ ತಂದಿಡುವ ಹುಡುಗ, ಎಲ್ಲಿ ನಿಲ್ಲಬೇಕು, ಯಾವ ಕೈಯಿಂದ ಕೊಡಬೇಕು ಎಂಬುದರೊಂದಿಗೆ, ಬಂದವರ ದಣಿವನ್ನು ಗಮನಿಸುವುದನ್ನೂ ತನಗರಿವಿಲ್ಲದೆ ಕಲಿಯುತ್ತಾನೆ. ಮೊದಲು ಮನಸ್ಸಿನಲ್ಲಿ ರೆನ್ ತುಂಬಿಕೊಂಡು ಬಳಿಕ ಅದು ಲಿಯಾಗಿ ಹೊರಬರುತ್ತದೆ ಎಂದು ಕನ್ಫ್ಯೂಷಿಯಸ್ ಹೇಳುತ್ತಿಲ್ಲ. ಮೈಯ ನಡೆಯನ್ನು ಲಿಯಲ್ಲಿ ಪಳಗಿಸುತ್ತ ಪಳಗಿಸುತ್ತ ಮನಸ್ಸು ರೆನ್‌ಗೆ ಹದಗೊಳ್ಳುತ್ತದೆ ಎಂಬುದು ಅವನ ನಂಬಿಕೆ. ‘ಲಿಗೆ ಮರಳುವುದು’ ಎಂಬ ಮಾತನ್ನು ಹೀಗೆ ಓದಿದರೆ ತೊಡಕಿಲ್ಲ.

ಹಾಗೆಂದು ಲಿ ಕುರುಡು ಕಟ್ಟಳೆಯಲ್ಲ. ನಾರಿನ ಟೋಪಿ ಧರಿಸುವುದು ಲಿ, ಈಗಿನವರು ರೇಷ್ಮೆಯದನ್ನು ಧರಿಸುತ್ತಾರೆ, ಅದರಿಂದ ಮಿತವ್ಯಯವಾಗುವುದಾದ್ದರಿಂದ ನಾನೂ ಜನರಂತೆ ನಡೆಯುತ್ತೇನೆ ಎನ್ನುತ್ತಾನೆ ಕನ್ಫ್ಯೂಷಿಯಸ್. ಮರುಮಾತಿನಲ್ಲಿಯೇ, ಮೆಟ್ಟಿಲ ಕೆಳಗೆ ನಿಂತು ಅರಸನಿಗೆ ನಮಸ್ಕರಿಸುವುದು ಲಿ, ಈಗಿನವರು ಮೇಲೆ ಹತ್ತಿ ಹೋಗಿ ನಮಸ್ಕರಿಸುತ್ತಾರೆ, ಅದು ಸೊಕ್ಕು, ಎಲ್ಲರಿಗೆ ವಿರುದ್ಧವಾದರೂ ನಾನು ಕೆಳಗೇ ನಿಲ್ಲುತ್ತೇನೆ ಎನ್ನುತ್ತಾನೆ. ಯಾವುದನ್ನು ಸಡಿಲಿಸಬಹುದು, ಯಾವುದನ್ನು ಕೂಡದು ಎಂಬ ವಿವೇಚನೆ ಇಲ್ಲಿ ಕಣ್ಣಿಗೆ ಕಾಣುತ್ತದೆ. ಮೆನ್ಷಿಯಸ್ ಇನ್ನೂ ಮುಂದೆ ಹೋಗುತ್ತಾನೆ: ಗಂಡು-ಹೆಣ್ಣು ಕೊಡುಕೊಳ್ಳುವಾಗ ಕೈ ತಾಗಬಾರದೆಂಬುದು ಲಿ, ಆದರೆ ಅತ್ತಿಗೆ ನೀರಿನಲ್ಲಿ ಮುಳುಗುತ್ತಿರುವಾಗ ಕೈಹಿಡಿದು ಎತ್ತದವನು ತೋಳ. ಈ ಎರಡು ಪ್ರಸಂಗಗಳನ್ನು ನಿಮ್ಮ ಕೂಟದಲ್ಲಿ ಹೇಳಿ. ವ್ಯಾಖ್ಯೆಗಿಂತ ಅವು ಹೆಚ್ಚು ಕೆಲಸ ಮಾಡುತ್ತವೆ.

ಶಿಷ್ಟಾಚಾರ ಎಂಬ ಪದ ಲಿಗೆ ತೀರಾ ಕಿರಿದು. ಪಿತೃಗಳಿಗೆ ಸಲ್ಲಿಸುವ ಬಲಿ, ಶವಸಂಸ್ಕಾರ, ಮೂರು ವರ್ಷದ ಶೋಕಾಚರಣೆ, ರಾಜಸಭೆಯ ಮರ್ಯಾದೆ, ಉಡುಪು ಎಲ್ಲವೂ ಲಿಯೊಳಗೆ ಬರುತ್ತವೆ. ನಮ್ಮ ‘ಕಟ್ಟುಕಟ್ಟಳೆ’ ಸ್ವಲ್ಪ ಹತ್ತಿರ.

ಉತ್ತರ 2: ಮುಳ್ಳೇರಿಯದ ಹಳೆಯ ಓದುಗ

ಟೀಚರ್ ಕೊಟ್ಟ ಬೆಲ್ಲ-ನೀರಿನ ನಿದರ್ಶನ ಚೆನ್ನಾಗಿದೆ, ಆದರೆ ಲಾವೋತ್ಸೆಯ ಆಕ್ಷೇಪ ಹುಟ್ಟುವುದೂ ಅದೇ ಜಗಲಿಯಲ್ಲಿ. 38ನೆಯ ಅಧ್ಯಾಯದಲ್ಲಿ ಒಂದು ಚಿತ್ರ ಬರುತ್ತದೆ: ಲಿಯಲ್ಲಿ ಶ್ರೇಷ್ಠನಾದವನು ಅದನ್ನು ಆಚರಿಸುತ್ತಾನೆ, ಎದುರಿನವರು ಸ್ಪಂದಿಸದಿದ್ದರೆ ತೋಳೇರಿಸಿ ಅವರನ್ನು ಎಳೆದು ತರುತ್ತಾನೆ. ಉಪಚಾರವು ಒತ್ತಾಯವಾದಾಗ, ಸಹಜವಾಗಿ ಇರಬೇಕಾದ ವಿಶ್ವಾಸ ಎಂದೋ ಬತ್ತಿಹೋಗಿದೆ ಎಂದೇ ಅರ್ಥ ಎಂಬುದು ಅವನ ವಾದ. ಆ ಅಧ್ಯಾಯದ ಏಣಿ ಏರುವುದಲ್ಲ, ಇಳಿಯುವುದು.

ಈ ವಿರೋಧವನ್ನು ಅತಿಯಾಗಿ ಹಿಗ್ಗಿಸಬಾರದು ಎಂಬುದಕ್ಕೆ ನೆಲದಡಿಯಿಂದ ಸಾಕ್ಷ್ಯ ಬಂದಿದೆ. 1973ರಲ್ಲಿ ಚಾಂಗ್‌ಶಾ ನಗರದ ಮಾವಾಂಗ್‌ತ್ವೀಯಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದರಿಂದ ‘ತಾವೋ ತೆ ಚಿಂಗ್’ನ ಎರಡು ರೇಷ್ಮೆ ಪ್ರತಿಗಳು ದೊರೆತವು, ಅವುಗಳಲ್ಲಿ ಗ್ರಂಥದ ತಾವೋ, ತೆ ಎಂಬ ಎರಡು ಭಾಗಗಳ ಪೈಕಿ ತೆ ಭಾಗವೇ ಮೊದಲು, ಅಂದರೆ ನಿಮ್ಮನ್ನು ಕಾಡಿದ 38ನೆಯ ಅಧ್ಯಾಯದಿಂದಲೇ ಗ್ರಂಥ ತೆರೆದುಕೊಳ್ಳುತ್ತದೆ. 1993ರಲ್ಲಿ ಕ್ವೋತ್ಯೆನ್ ಎಂಬಲ್ಲಿ ಸಿಕ್ಕಿದ, ಅದಕ್ಕೂ ಹಳೆಯ ಬಿದಿರಿನ ಪಟ್ಟಿಗಳಲ್ಲಿ, ಈಗಿನ ಪಾಠದ 19ನೆಯ ಅಧ್ಯಾಯದಲ್ಲಿರುವ ‘ರೆನ್ ತೊರೆಯಿರಿ, ಯಿ ಬಿಟ್ಟುಬಿಡಿ’ ಎಂಬ ಮಾತೇ ಇಲ್ಲ. ಕನ್ಫ್ಯೂಷಿಯಸ್ ಪಂಥದವರ ಮೇಲಿನ ಹಗೆ ಕಾಲಕ್ರಮದಲ್ಲಿ ಹರಿತವಾಯಿತೆಂದು ಇದರಿಂದ ಊಹಿಸಬಹುದು.

ತಾವೋದ ವಿಷಯ. ಮೂಲತಃ ಅದು ದಾರಿ, ಹಾಗೆಯೇ ದಾರಿ ತೋರುವ ರೀತಿ. ಕನ್ಫ್ಯೂಷಿಯಸ್‌ಗೆ ಅದು ಪುರಾತನ ಸದ್ರಾಜರು ನಡೆದ ದಾರಿ, ಮನುಷ್ಯರು ನಡೆದರೆ ಮಾತ್ರ ಉಳಿಯುವಂಥದು. ಮನುಷ್ಯನು ತಾವೋವನ್ನು ವಿಸ್ತರಿಸಬಲ್ಲ, ತಾವೋ ಮನುಷ್ಯನನ್ನು ವಿಸ್ತರಿಸುವುದಿಲ್ಲ ಎಂದು ಅವನೇ ಹೇಳಿದ್ದಾನೆ. ಲಾವೋತ್ಸೆಯ 25ನೆಯ ಅಧ್ಯಾಯದಲ್ಲಿಯಾದರೋ ಅದು ಭೂಮಿ-ಆಕಾಶಗಳಿಗಿಂತ ಮೊದಲೇ ಇದ್ದದ್ದು. ಮನುಷ್ಯ ಭೂಮಿಯನ್ನೂ, ಭೂಮಿ ಆಕಾಶವನ್ನೂ, ಆಕಾಶ ತಾವೋವನ್ನೂ ಅನುಸರಿಸಿದರೆ, ತಾವೋ ಅನುಸರಿಸುವುದು ತಾನೇ ತಾನಾಗಿರುವುದನ್ನು. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇಬ್ಬರೂ ಒಂದೇ ಹೆಸರನ್ನು ಬಳಸಿ, ಅದು ಯಾವುದರ ಹೆಸರಾಗಬೇಕು ಎಂಬುದರ ಬಗ್ಗೆಯೇ ವಾದ ಹೂಡಿದ್ದಾರೆ. ‘ಧರ್ಮ’ವನ್ನು ಕನ್ಫ್ಯೂಷಿಯಸ್‌ನ ಬಳಿ ಹೇಗೋ ಒಗ್ಗಿಸಬಹುದು, ಲಾವೋತ್ಸೆಯ ಬಳಿ ಸಾಧ್ಯವಿಲ್ಲ. ಇದೇ ಇಕ್ಕಟ್ಟು 7ನೆಯ ಶತಮಾನದಲ್ಲೂ ಎದುರಾಗಿತ್ತು: ಕಾಮರೂಪದ ಅರಸನ ಕೋರಿಕೆಯ ಮೇರೆಗೆ ‘ತಾವೋ ತೆ ಚಿಂಗ್’ ಅನ್ನು ಸಂಸ್ಕೃತಕ್ಕೆ ತರುವಾಗ ತಾವೋ ಪಂಥದವರು ‘ಬೋಧಿ’ ಎಂಬ ಪದವೇ ಆಗಬೇಕೆಂದರೆ, ಹ್ಯುಯೆನ್‌ತ್ಸಾಂಗ್ ‘ಮಾರ್ಗ’ ಎಂಬುದಕ್ಕೇ ಪಟ್ಟುಹಿಡಿದ. ನಮ್ಮ ದೇಶದಲ್ಲಿ ವರ್ಷಗಟ್ಟಲೆ ಓದಿ ಹೋದವನ ಆಯ್ಕೆಗೆ ಬೆಲೆ ಕೊಡಬೇಕು.

ವೂವೇಯನ್ನು ನಿಷ್ಕ್ರಿಯತೆ ಎನ್ನುವುದನ್ನು ನಿಮ್ಮ ಪಟ್ಟಿಯಿಂದ ಮೊದಲು ತೆಗೆಯಿರಿ. ತಾವೋ ಪಂಥದ ಇನ್ನೊಂದು ಮುಖ್ಯ ಗ್ರಂಥವಾದ ಚುವಾಂಗ್‌ತ್ಸುವಿನ 3ನೆಯ ಅಧ್ಯಾಯದಲ್ಲಿ ಎತ್ತನ್ನು ಕೊಯ್ಯುವ ಅಡಿಗೆಯವನ ಕಥೆಯಿದೆ. (ನಮ್ಮ ಕಡೆಯ ಸಭೆಗಳಲ್ಲಿ ಈ ಕಥೆ ಹೇಳಲು ಕೆಲವರು ಮುಜುಗರಪಡುತ್ತಾರೆ, ಆದರೆ ಇದಕ್ಕೆ ಬದಲಿಯಿಲ್ಲ.) ಸಾಮಾನ್ಯರು ತಿಂಗಳಿಗೊಂದು, ನಿಪುಣರು ವರ್ಷಕ್ಕೊಂದು ಕತ್ತಿ ಬದಲಿಸುವಾಗ ಅವನ ಕತ್ತಿ 19 ವರ್ಷ ಕಳೆದರೂ ಹೊಸದಾಗಿ ಮಸೆದಂತಿದೆ, ಏಕೆಂದರೆ ಅವನು ಮೂಳೆಯನ್ನು ಕಡಿಯುವುದಿಲ್ಲ, ಸಂದುಗಳ ನಡುವಿನ ತೆರಪಿನಲ್ಲಿ ಕತ್ತಿಯನ್ನು ಆಡಿಸುತ್ತಾನೆ. ಜಟಿಲವಾದ ಗಂಟು ಬಂದಾಗ ಎಚ್ಚರಗೊಂಡು, ದೃಷ್ಟಿ ನೆಟ್ಟು, ಕೈ ನಿಧಾನಿಸಿ, ಕತ್ತಿಯನ್ನು ಕೂದಲೆಳೆಯಷ್ಟು ಸರಿಸುತ್ತಾನೆ. ಮಾಂಸ ಮಣ್ಣಹೆಂಟೆಯಂತೆ ಕಳಚಿ ಬೀಳುತ್ತದೆ. ವೂವೇ ಎಂಬ ಮಾತನ್ನು ಆ ಕಥೆ ಎತ್ತದಿದ್ದರೂ ಅದರ ಅರ್ಥ ಇದೇ: ವಸ್ತುವಿನ ಜಾಡಿಗೆ ಅಡ್ಡಬೀಳದ, ಬಲಾತ್ಕಾರವಿಲ್ಲದ ಕ್ರಿಯೆ. ಅರಸನಿಗೂ ಇದೇ ನ್ಯಾಯ. ಕನ್ಫ್ಯೂಷಿಯಸ್ ಕೂಡ, ಪುರಾಣಪ್ರಸಿದ್ಧನಾದ ಶುನ್ ಅರಸನು ಗೌರವದಿಂದ ದಕ್ಷಿಣಾಭಿಮುಖವಾಗಿ ಕುಳಿತು ವೂವೇಯಿಂದ ಆಳಿದನೆಂದು ಮೆಚ್ಚಿ ನುಡಿಯುತ್ತಾನೆ. ಈ ಪದ ಲಾವೋತ್ಸೆಯ ಸ್ವಂತ ಆಸ್ತಿಯೇನಲ್ಲ.

ಉತ್ತರ 3: ಮಂಜೇಶ್ವರದಿಂದ

ಥಿಯೆನ್ ಬಗ್ಗೆ ಮಾತ್ರ ಚಿಕ್ಕ ಸೇರ್ಪಡೆ. ಪುಣ್ಯ ಮಾಡಿದವರು ಸತ್ತ ಮೇಲೆ ಹೋಗಿ ಸೇರುವ ಜಾಗ ಎಂಬ ಅರ್ಥ ಅದಕ್ಕಿಲ್ಲ. ಕ್ರಿ.ಪೂ. 11ನೆಯ ಶತಮಾನದಲ್ಲಿ ಚೌ ವಂಶದವರು ಶಾಂಗ್ ಅರಸರನ್ನು ಸೋಲಿಸಿದಾಗ, ಆಳುವ ಆದೇಶವನ್ನು ಥಿಯೆನ್ ಹಿಂದಕ್ಕೆ ಪಡೆದು ನಮಗೆ ಕೊಟ್ಟಿತು ಎಂದು ಸಮರ್ಥಿಸಿಕೊಂಡರು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದು ಎಂಬ ಷರತ್ತು ಇದರಲ್ಲಿಯೇ ಅಡಗಿದೆ. ಥಿಯೆನ್ ನೋಡುವುದು ಜನರ ಕಣ್ಣಿನಿಂದ ಎಂಬ ಹಳೆಯ ಮಾತನ್ನು ಮೆನ್ಷಿಯಸ್ ಉದ್ಧರಿಸುವುದೂ ಈ ಅರ್ಥದಲ್ಲಿಯೇ.

ಕ್ರಿ.ಪೂ. 3ನೆಯ ಶತಮಾನದ, ಕನ್ಫ್ಯೂಷಿಯಸ್ ಪಂಥದವನೇ ಆದ ಷುನ್‌ತ್ಸುವಿಗೆ ಥಿಯೆನ್ ಎಂದರೆ ಬಹುಮಟ್ಟಿಗೆ ಪ್ರಕೃತಿಯ ನಿಯತ ನಡೆ, ಒಳ್ಳೆಯ ಅರಸನಿಗಾಗಿ ಅದು ಇರುವುದಿಲ್ಲ, ಕೆಟ್ಟವನಿಗಾಗಿ ಇಲ್ಲವಾಗುವುದಿಲ್ಲ. ಮಳೆಗಾಗಿ ಪ್ರಾರ್ಥಿಸಿದರೆ ಮಳೆ ಬರುತ್ತದೆ, ಏಕೆ ಎಂದು ತಾನೇ ಕೇಳಿ, ಏಕೂ ಇಲ್ಲ, ಪ್ರಾರ್ಥಿಸದಿದ್ದರೂ ಬರುವಂತೆಯೇ ಬಂತು ಎನ್ನುತ್ತಾನೆ. ಹಾಗಾದರೆ ಆ ಆಚರಣೆಯನ್ನು ನಿಲ್ಲಿಸಬೇಕೆ? ಬೇಡ ಎನ್ನುತ್ತಾನೆ, ತಿಳಿದವರಿಗೆ ಅದು ಬದುಕಿನ ಅಲಂಕಾರ, ಜನಸಾಮಾನ್ಯರಿಗೆ ದೈವಿಕ. ಟೀಚರ್ ಹೇಳಿದ ಲಿಯನ್ನು ದೇವರ ಹಂಗಿಲ್ಲದೆಯೂ ಸಮರ್ಥಿಸಬಹುದೆಂದು ಆ ಪಂಥದೊಳಗಿನವನೇ ತೋರಿಸಿದ್ದು ನನಗೆ ಬಹಳ ದಿಟ್ಟವಾಗಿ ಕಾಣುತ್ತದೆ.

ಬದಿಯಡ್ಕದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಚಿ ಕುರಿತು ಯಾರೂ ಬರೆಯಲಿಲ್ಲ. ಅಲ್ಲದೆ ಕನ್ಫ್ಯೂಷಿಯಸ್ ಪಂಥದ ಚು ಶಿ ಎಂಬವನ ವಿಚಾರವನ್ನು ಓದುವಾಗ ಲಿ ಮತ್ತು ಚಿ ಸೇರಿ ಜಗತ್ತು ಆಗಿದೆ ಎಂದು ಕಂಡೆ. ಆಚಾರದಿಂದ ಜಗತ್ತು ಆಗುವುದೆಂದರೇನು?

ಉತ್ತರ 4: ಮುಳ್ಳೇರಿಯದ ಹಳೆಯ ಓದುಗ

ಅದು ಬೇರೆಯೇ ಲಿ. ಚೀನೀ ಬರವಣಿಗೆಯಲ್ಲಿ ಎರಡಕ್ಕೂ ಬೇರೆ ಬೇರೆ ಚಿಹ್ನೆಗಳಿವೆ, ನಮ್ಮ ಲಿಪಿಯಲ್ಲಿ ಬರೆದಾಗ ಒಂದೇ ಆಗಿಬಿಡುತ್ತವೆ. ಚು ಶಿ (1130–1200) ಹೇಳುವ ಲಿ ವಸ್ತುವಿನೊಳಗಿನ ವಿನ್ಯಾಸ, ಮರದ ಎಳೆಯಂತೆ ಅದು ಹಾಗೆಯೇ ಇರುವುದಕ್ಕೆ ಕಾರಣವಾದ ಕ್ರಮ. ಗೊಂದಲವಾಗದಂತೆ ಒಂದನ್ನು ‘ಆಚಾರದ ಲಿ’, ಇನ್ನೊಂದನ್ನು ‘ವಿನ್ಯಾಸದ ಲಿ’ ಎಂದು ಬರೆದುಕೊಳ್ಳಿ.

ಆ ವಿನ್ಯಾಸ ಮೈದಾಳುವುದು ಚಿಯಲ್ಲಿ. ಪ್ರಾಣವೆಂದರೆ ಜೀವ ಇರುವಲ್ಲಿ ಮಾತ್ರ ಎಂದು ನಾವು ತಿಳಿಯುತ್ತೇವೆ, ಚಿಯಾದರೋ ಮಂಜಿನಲ್ಲಿಯೂ ಕಲ್ಲಿನಲ್ಲಿಯೂ ಇದೆ. ಅದು ಕೂಡಿದರೆ ಹುಟ್ಟು, ಚದುರಿದರೆ ಸಾವು ಎಂದು ಚುವಾಂಗ್‌ತ್ಸು ಗ್ರಂಥದಲ್ಲಿದೆ. ಯಿನ್ ಮತ್ತು ಯಾಂಗ್ ಎಂಬುವು ಈ ಚಿಯ ಎರಡು ನಡೆಗಳೇ ಹೊರತು ಪರಸ್ಪರ ಹೋರಾಡುವ ಒಳಿತು-ಕೆಡುಕುಗಳಲ್ಲ.

ಚು ಶಿಯ ವ್ಯಾಖ್ಯಾನಗಳು 1313ರಲ್ಲಿ ಯುವಾನ್ ಅರಸರ ಕಾಲದಲ್ಲಿ ಸರಕಾರಿ ಪರೀಕ್ಷೆಗೆ ಆಧಾರವಾಗಿ, 1905ರಲ್ಲಿ ಆ ಪರೀಕ್ಷೆಯೇ ರದ್ದಾಗುವವರೆಗೂ ಅಧಿಕಾರಿಗಳಾಗಬಯಸಿದವರೆಲ್ಲ ಅವನ್ನೇ ಬಾಯಿಪಾಠ ಮಾಡಬೇಕಾಯಿತು. ಒಂದೊಂದು ವಸ್ತುವಿನ ಲಿಯನ್ನೂ ಪರಿಶೀಲಿಸಿ ಅರಿಯಬೇಕೆಂಬ ಅವನ ಬೋಧನೆಯನ್ನು ಅಕ್ಷರಶಃ ನಂಬಿದ ತರುಣ ವಾಂಗ್ ಯಾಂಗ್‌ಮಿಂಗ್ (1472–1529) ಅಂಗಳದ ಬಿದಿರಿನ ಮುಂದೆ ಏಳು ದಿನ ಕುಳಿತು ದಿಟ್ಟಿಸಿ ಕಾಯಿಲೆ ಬಿದ್ದ. ಜೊತೆಗಾರ ಮೂರನೆಯ ದಿನವೇ ಕೈಬಿಟ್ಟಿದ್ದ. ಮುಂದೆ ಲಿಯನ್ನು ಹೊರಗೆ ಹುಡುಕುವುದೇ ತಪ್ಪು, ಮನಸ್ಸಿನಾಚೆ ಲಿ ಇಲ್ಲ ಎಂಬ ನಿಲುವಿಗೆ ಅವನು ಬಂದ. ಆದರೆ ಇದು ಕನ್ಫ್ಯೂಷಿಯಸ್‌ನಿಂದ ಸಾವಿರದೈನೂರು ವರ್ಷಗಳಿಗೂ ಆಚೆಯ ಮಾತು. ನಿಮ್ಮ ಈ ಭಾಷಣವನ್ನು ಷುನ್‌ತ್ಸುವಿಗೇ ನಿಲ್ಲಿಸಿ, ಚು ಶಿ ಮತ್ತು ವಾಂಗ್ ಯಾಂಗ್‌ಮಿಂಗ್ ಅವರನ್ನು ಇನ್ನೊಂದು ತಿಂಗಳಿಗೆ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನಗೆ ತೋರುತ್ತದೆ.